ನಾಲ್ಕು ಕಂಠಗಳ ಒಬ್ಬ ಪ್ರೇಮಿ

1528ರ ಏಪ್ರಿಲ್ 4ರಂದು ಪ್ಯಾರಿಸ್‌ನ ಹಾರ್ಪ್ ಬೀದಿಯ ಒಂದು ಅಚ್ಚುಕೂಟದಿಂದ, ಅಂಗೈಗಿಂತ ಸ್ವಲ್ಪ ದೊಡ್ಡದಾದ, ಅಡ್ಡಕ್ಕೆ ಉದ್ದವಿದ್ದ ಪುಟ್ಟ ಪುಸ್ತಕಗಳ ಒಂದು ಕಟ್ಟು ಹೊರಬಂತು. ಪುಸ್ತಕದ ಮೇಲೆ ಅಚ್ಚಾಗಿರುವ ವರ್ಷ 1527. ಆಗಿನ ಪ್ಯಾರಿಸಿಗರಿಗೆ ಹೊಸ ವರ್ಷ ಹುಟ್ಟುತ್ತಿದ್ದುದು ಈಸ್ಟರ್ ಹಬ್ಬಕ್ಕೆ, ಆ ವರ್ಷದ ಈಸ್ಟರ್ ಇನ್ನೂ ಬಂದಿರಲಿಲ್ಲ. ನಾಲ್ಕು ದನಿಗಳಿಗೆ ಕೂಡಿಸಿದ ಹೊಸ ಹಾಡುಗಳು ಎಂಬರ್ಥದ ಹೆಸರು ಹೊತ್ತಿದ್ದ ಆ ಸಂಗ್ರಹವನ್ನು ಅಚ್ಚು ಹಾಕಿದವನು ಪಿಯೇರ್ ಅತೆನ್ಯಾಂ. ಅವನ ಮಾವ ಫಿಲಿಪ್ ಪಿಗೂಶೆ ಪ್ರಾರ್ಥನಾ ಪುಸ್ತಕಗಳನ್ನು ಅಚ್ಚು ಮಾಡಿ ಹೆಸರಾದವನು. ಅಳಿಯ ಕೈಹಾಕಿದ್ದು ಶಾಂಸೋಗಳಿಗೆ, ಅಂದರೆ ಹಲವು ಕಂಠಗಳು ಒಟ್ಟಿಗೆ ಹಾಡುವ ಫ್ರೆಂಚ್ ಹಾಡುಗಳಿಗೆ. ಅವುಗಳಲ್ಲಿ ಬಹುಪಾಲು ಪ್ರೇಮದ ಹಾಡುಗಳೇ. ಒಲಿಯದ ಹೆಣ್ಣು, ಒಲಿದು ದೂರವಾದ ಹೆಣ್ಣು, ಸಾಯುವವರೆಗೂ ಸೇವೆ ಮಾಡುತ್ತೇನೆನ್ನುವ ಗಂಡು, ಮಾತಿಗೆ ತಪ್ಪಿದ ಗಂಡನ್ನು ನೆನೆದು ನೋಯುವ ಹೆಣ್ಣು: ಇವೇ ಮತ್ತೆಮತ್ತೆ ಬರುವ ವಸ್ತುಗಳು. ಮುಂದಿನ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಹಾಡುಗಳು ಆ ಒಂದೇ ಅಚ್ಚುಕೂಟದಿಂದ ಹೊರಬಂದವು.

ಸಂಗೀತವನ್ನು ಅಚ್ಚು ಹಾಕಿದವರಲ್ಲಿ ಅತೆನ್ಯಾಂ ಮೊದಲಿಗನಲ್ಲ. ವೆನಿಸ್‌ನ ಒತ್ತಾವಿಯಾನೊ ಪೆತ್ರೂಚಿ 1501ರಲ್ಲೇ ತನ್ನ ಮೊದಲ ಸಂಗೀತ ಸಂಗ್ರಹ ಹೊರತಂದಿದ್ದ, ಅದರಲ್ಲೂ ಫ್ರೆಂಚ್ ಹಾಡುಗಳೇ ಹೆಚ್ಚಾಗಿದ್ದವು. ಪೆತ್ರೂಚಿಯ ಪುಟಗಳು ಕಣ್ಣಿಗೆ ಹಬ್ಬ, ಆದರೆ ಒಂದೊಂದು ಹಾಳೆಯೂ ಮುದ್ರಣಯಂತ್ರದ ಕೆಳಗೆ ಒಂದಕ್ಕಿಂತ ಹೆಚ್ಚು ಸಲ ಹಾಯಬೇಕಿತ್ತು. ಗೆರೆಗಳು ಒಂದು ಸಲಕ್ಕೆ, ಸ್ವರಚಿಹ್ನೆಗಳು ಇನ್ನೊಂದು ಸಲಕ್ಕೆ. ಎರಡನೇ ಸಲ ಹಾಳೆ ಒಂದಿಷ್ಟು ಸರಿದರೂ ಸ್ವರ ತಪ್ಪು ಗೆರೆಯ ಮೇಲೆ ಕೂರುತ್ತದೆ, ಹಾಡುವವನು ಬೇರೆಯೇ ಸ್ವರ ಹಾಡುತ್ತಾನೆ. ಆದ್ದರಿಂದ ಆ ಕೆಲಸಕ್ಕೆ ಹೊತ್ತೂ ಹೆಚ್ಚು, ಖರ್ಚೂ ಹೆಚ್ಚು. ಅತೆನ್ಯಾಂ ಬಳಸಿದ ಉಪಾಯದಲ್ಲಿ ಪ್ರತಿಯೊಂದು ಅಚ್ಚಿನ ಮೊಳೆಯಲ್ಲೂ ಒಂದು ಸ್ವರಚಿಹ್ನೆಯ ಜೊತೆಗೆ ಅದರ ಹಿಂದಿನ ಐದು ಗೆರೆಗಳ ತುಣುಕೂ ಇರುತ್ತಿತ್ತು. ಮೊಳೆಗಳನ್ನು ಸಾಲಾಗಿ ಜೋಡಿಸಿ ಒಂದೇ ಸಲ ಒತ್ತಿದರೆ ಸಾಕು. ತುಣುಕು ತುಣುಕು ಸೇರುವಲ್ಲಿ ಗೆರೆ ಸಣ್ಣಗೆ ಮುರಿದು ಕಾಣುತ್ತದೆ, ಪೆತ್ರೂಚಿಯ ನುಣುಪು ಅಲ್ಲಿಲ್ಲ. ಆದರೆ ಅಕ್ಷರದ ಪುಸ್ತಕ ಅಚ್ಚು ಹಾಕುವಷ್ಟೇ ಸಲೀಸಾಗಿ ಹಾಡಿನ ಪುಸ್ತಕವನ್ನೂ ಅಚ್ಚು ಹಾಕುವುದು ಸಾಧ್ಯವಾಯಿತು. 1531ರಲ್ಲಿ ದೊರೆ ಮೊದಲನೇ ಫ್ರಾನ್ಸಿಸ್ ಅವನಿಗೆ ವಿಶೇಷ ಹಕ್ಕುಪತ್ರ ಕೊಟ್ಟ. ಆ ದಶಕ ಮುಗಿಯುವ ಮೊದಲೇ ಅತೆನ್ಯಾಂ ರಾಜನ ಸಂಗೀತ ಮುದ್ರಕನೆನಿಸಿಕೊಂಡಿದ್ದ.

ಈ ಹಾಡುಗಳ ಬಗ್ಗೆ ಅಂದಿನಿಂದ ಇಂದಿನವರೆಗೆ ಕೇಳಿಬರುವ ಒಂದು ಸಹಜ ಆಕ್ಷೇಪವಿದೆ. ಪ್ರೇಮದ ಅಳಲು ಒಬ್ಬನ ಎದೆಯಿಂದ ಹೊರಡುವಂಥದು. ಆ ಕವಿತೆಗಳೆಲ್ಲ ‘ನಾನು’ ಎಂದೇ ಮಾತಾಡುತ್ತವೆ. ಆ ಒಬ್ಬನ ಮಾತನ್ನು ನಾಲ್ವರು, ನಾಲ್ಕು ಬೇರೆ ಬೇರೆ ರಾಗದ ಎಳೆಗಳಲ್ಲಿ, ಒಟ್ಟಿಗೆ ಹಾಡಿದರೆ ಅದು ಪ್ರೇಮನಿವೇದನೆ ಹೇಗಾದೀತು? ಒಂದೇ ರಾಗದ ಎಳೆ ಹಿಡಿದು ಕೇಳುವ ಅಭ್ಯಾಸವಿರುವ ಕಿವಿಗಂತೂ ಈ ಪ್ರಶ್ನೆ ಇನ್ನಷ್ಟು ಬಲವಾಗಿ ತಟ್ಟುತ್ತದೆ. ನನ್ನ ವಾದ ಇಷ್ಟು: ಈ ಪ್ರಶ್ನೆ ಹುಟ್ಟುವುದು ನಾವು ನಮ್ಮನ್ನು ಕೇಳುಗರ ಜಾಗದಲ್ಲಿ ಕೂರಿಸಿಕೊಳ್ಳುವುದರಿಂದ. ಆದರೆ 1520ರಿಂದ 1560ರವರೆಗಿನ ಫ್ರೆಂಚ್ ಪ್ರೇಮದ ಹಾಡು ಮುಖ್ಯವಾಗಿ ಕೇಳುವವರಿಗಾಗಿ ಹುಟ್ಟಿದ್ದಲ್ಲ, ಹಾಡುವವರಿಗಾಗಿಯೇ ಹುಟ್ಟಿದ್ದು. ಒಬ್ಬ ಪ್ರೇಮಿಯ ಪಾತ್ರವನ್ನು ಒಂದು ಮೇಜಿನ ಸುತ್ತ ಕುಳಿತ ನಾಲ್ವರು ಸೇರಿ ಹೊರುವ ಕಲೆ ಅದು. ಅದರೊಳಗಿನ ಪ್ರೇಮ ಇರುವುದು ಪದಗಳಲ್ಲಿ ಮಾತ್ರವಲ್ಲ, ಒಂದು ದನಿ ಇನ್ನೊಂದನ್ನು ನೆಚ್ಚಿಕೊಂಡಿರುವ ರೀತಿಯಲ್ಲಿ.

ಇದಕ್ಕೆ ಮೊದಲ ಸಾಕ್ಷಿ ಪುಸ್ತಕಗಳೇ. ಅತೆನ್ಯಾಂ ಮಾರುತ್ತಿದ್ದುದು ಒಂದು ಪುಸ್ತಕವನ್ನಲ್ಲ, ನಾಲ್ಕು ಪುಸ್ತಕಗಳ ಒಂದು ಕಟ್ಟನ್ನು. ಮೇಲಿನ ಸುಪೀರಿಯಸ್ ದನಿಗೆ ಒಂದು, ಕಾಂಟ್ರಾಟೆನರ್‌ಗೆ ಒಂದು, ಟೆನರ್‌ಗೆ ಒಂದು, ತಳದ ಬಾಸುಸ್‌ಗೆ ಒಂದು. ಒಂದೊಂದರಲ್ಲೂ ಹದಿನಾರು ಹಾಳೆಗಳಷ್ಟು. ಇಂದಿನ ಸಂಗೀತಗಾರ ಎದುರಿಗಿಟ್ಟುಕೊಳ್ಳುವ, ಎಲ್ಲ ದನಿಗಳನ್ನೂ ಒಂದರ ಕೆಳಗೊಂದು ಬರೆದ ಸ್ಕೋರ್ ಆ ಪುಸ್ತಕಗಳಲ್ಲಿ ಇಲ್ಲ. ತಾಳವನ್ನು ಕತ್ತರಿಸಿ ತೋರಿಸುವ ಲಂಬಗೆರೆಗಳೂ ಇಲ್ಲ. ಟೆನರ್ ಹಾಡುವವನ ಕೈಯಲ್ಲಿ ಟೆನರ್ ಮಾತ್ರ. ಉಳಿದ ಮೂವರು ಏನು ಹಾಡಲಿದ್ದಾರೆ ಎಂಬುದು ಅವನಿಗೆ ಕಣ್ಣಿನಿಂದ ತಿಳಿಯುವಂತಿಲ್ಲ, ಕಿವಿಯಿಂದಲೇ ತಿಳಿಯಬೇಕು. ಅಂದರೆ ಪೂರ್ತಿ ಹಾಡು ಕಾಗದದ ಮೇಲೆ ಎಲ್ಲೂ ಒಂದೆಡೆ ಇರಲಿಲ್ಲ, ನಾಲ್ವರು ಕೂಡಿದಾಗಷ್ಟೇ ಅದು ಇರುತ್ತಿತ್ತು. ಲಿಯೋಂ ನಗರದ ಮುದ್ರಕ ಜಾಕ್ ಮೊದೆರ್ನ್ 1538ರಿಂದ ಹೊರತರತೊಡಗಿದ ಶಾಂಸೋ ಮಾಲೆಯಲ್ಲಿ ಇನ್ನೊಂದು ಏರ್ಪಾಡು ಕಾಣುತ್ತದೆ. ಅಲ್ಲಿ ನಾಲ್ಕೂ ದನಿಗಳು ಒಂದೇ ಪುಸ್ತಕದಲ್ಲಿವೆ, ಆದರೆ ಅರ್ಧ ದನಿಗಳು ತಲೆಕೆಳಗಾಗಿ ಅಚ್ಚಾಗಿವೆ. ತೆರೆದ ಪುಸ್ತಕವನ್ನು ಮೇಜಿನ ನಡುವೆ ಇಟ್ಟರೆ ಈಚೆ ಕುಳಿತವರಿಗೂ ಆಚೆ ಕುಳಿತವರಿಗೂ ತಮ್ಮ ತಮ್ಮ ಪಾಲು ನೆಟ್ಟಗೆ ಕಾಣುತ್ತದೆ. ಎದುರುಬದುರು ಕುಳಿತ ಹಾಡುಗಾರರನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಪುಟವದು. ಸಭೆಯತ್ತ ಮುಖ ಮಾಡಿ ನಿಂತವರಿಗೆ ಅದು ಒದಗುವುದಿಲ್ಲ. ರಾಬ್ಲೆ ತನ್ನ ಗಾರ್ಗಾಂತುವಾ ಕಾದಂಬರಿಯಲ್ಲಿ ಆದರ್ಶ ಶಿಕ್ಷಣದ ದಿನಚರಿಯನ್ನು ಬಣ್ಣಿಸುವಾಗ ಊಟದ ನಂತರ ನಾಲ್ಕು ಐದು ದನಿಗಳಲ್ಲಿ ಹಾಡಿ ನಲಿಯುವುದನ್ನೂ ಸೇರಿಸುತ್ತಾನೆ. ಲೆಕ್ಕದ ಆಟ, ವಾದ್ಯಾಭ್ಯಾಸಗಳ ಪಕ್ಕದಲ್ಲೇ ಅದಕ್ಕೆ ಜಾಗ. ಯಾರೋ ಬಂದು ಹಾಡಿ ರಂಜಿಸಿದರೆಂದು ಅವನು ಹೇಳುವುದಿಲ್ಲ, ಉಂಡವರೇ ಹಾಡುತ್ತಾರೆ.

ಈಗ ಹಾಡಿನ ಒಳಗೆ ನೋಡೋಣ. 1528ರ ಸಂಗ್ರಹದಲ್ಲಿ ಅತಿ ಹೆಚ್ಚು ಹಾಡುಗಳ ಕರ್ತೃ ಕ್ಲೋದಾಂ ದ ಸೆರ್ಮಿಸಿ. ಅವನು ಸುಮಾರು 1490ರಲ್ಲಿ ಹುಟ್ಟಿ 1562ರಲ್ಲಿ ತೀರಿಕೊಂಡ ಪಾದ್ರಿ. ರಾಜನ ಪ್ರಾರ್ಥನಾಲಯದ ಗಾಯಕರ ಮೇಲ್ವಿಚಾರಕನಾಗಿ ಏರಿದವನು, ಬದುಕಿನ ಬಹುಭಾಗವನ್ನು ಪೂಜಾಸಂಗೀತದ ನಡುವೆ ಕಳೆದವನು, ಆದರೂ ನೂರೈವತ್ತಕ್ಕೂ ಮಿಕ್ಕಿದ ಪ್ರೇಮದ ಹಾಡುಗಳನ್ನು ಕೂಡಿಸಿದ. ಕ್ಲೆಮಾಂ ಮಾರೋ ಬರೆದ ‘ತಾಂ ಕ ವಿವ್ರೆ’ ಕವಿತೆಗೆ ಅವನು ಮಾಡಿದ ಸಂಯೋಜನೆ ಈ ಸಂಗ್ರಹದಲ್ಲೇ ಇದೆ. ಬದುಕಿರುವಷ್ಟು ಕಾಲವೂ ಪ್ರೇಮದೇವತೆಯ ಸೇವೆ ಮಾಡುತ್ತೇನೆ ಎನ್ನುವ, ಸುಖಿಯಾದ ಪ್ರೇಮಿಯ ಹಾಡು ಅದು. ನಾಲ್ಕು ದನಿಗಳೂ ಬಹುಮಟ್ಟಿಗೆ ಒಟ್ಟೊಟ್ಟಿಗೇ ಹೆಜ್ಜೆ ಹಾಕುತ್ತವೆ. ಒಂದು ಅಕ್ಷರಕ್ಕೆ ಒಂದು ಸ್ವರ, ಸಾಲು ಮುಗಿಯುವಲ್ಲಿ ಮಾತ್ರ ಒಂದಿಷ್ಟು ಕುಸುರಿ. ಮೊದಲು ಒಂದು ದೀರ್ಘ, ಹಿಂದೆಯೇ ಎರಡು ಹ್ರಸ್ವ: ಈ ನಡೆಯಿಂದ ಹೊರಡುವುದು ಆ ಕಾಲದ ಪ್ಯಾರಿಸ್ ಹಾಡುಗಳ ಗುರುತೇ ಆಗಿಬಿಟ್ಟಿತ್ತು. ಮುಂಚಿನ ತಲೆಮಾರುಗಳ ಹಾಡುಗಳು ರೋಂದೋ, ಬಲಾದ್ ಮುಂತಾದ ಬಿಗಿಯಾದ ಛಂದಸ್ಸಿನ ಚೌಕಟ್ಟುಗಳಲ್ಲಿ, ಪದದ ಗೊಡವೆಯಿಲ್ಲದೆ ಉದ್ದುದ್ದ ಹರಿಯುತ್ತಿದ್ದವು. ಅವಕ್ಕೆ ಹೋಲಿಸಿದರೆ ಸೆರ್ಮಿಸಿಯದು ಮಾತಿನಷ್ಟೇ ಸರಳ. ಈ ಸರಳತೆಯನ್ನು ಬಡತನವೆಂದು ತಿಳಿದವರಿದ್ದಾರೆ. ಫ್ಲಾಂಡರ್ಸ್‌ನ ನಿಕೋಲಾ ಗೊಂಬೇರ್ ಮುಂತಾದವರ ದಟ್ಟ ಹೆಣಿಗೆಯ ಪಕ್ಕದಲ್ಲಿ ಪ್ಯಾರಿಸ್‌ನವರದು ಹಗುರವೆಂದು ಬದಿಗಿಟ್ಟವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಚರ್ಚಿನ ಸಂಬಳದ ಗಾಯಕರಲ್ಲದವರೂ, ಒಂದಿಷ್ಟು ಸ್ವರ ಓದಬಲ್ಲ ನಾಲ್ವರೂ, ಸಂಜೆಯೊಂದರಲ್ಲಿ ಕೂಡಿ ಹಾಡಲು ಬರುವ ಹಾಗೆ ಇರಬೇಕೆಂದರೆ ಹಾಡು ಹೀಗೇ ಇರಬೇಕಾಗುತ್ತದೆ. ಆ ಬಗೆಯ ಹಾಡಿಗೂ ಅದರದೇ ಕಸುಬುಗಾರಿಕೆ ಬೇಕು.

ಆ ಕಸುಬಿನ ತಿರುಳು ಸಾಲು ಮುಗಿಯುವ ಜಾಗದಲ್ಲಿದೆ. ಸಾಲಿನ ಕೊನೆ ಹತ್ತಿರವಾದಾಗ ಒಂದು ದನಿ, ಬಹಳ ಸಲ ಸುಪೀರಿಯಸ್, ತಾನು ಹಿಡಿದ ಸ್ವರವನ್ನು ಬಿಡದೆ ಹಾಗೇ ಎಳೆಯುತ್ತದೆ. ಅದರ ಕೆಳಗೆ ಟೆನರ್ ತನ್ನ ಪಾಡಿಗೆ ಮುಂದಿನ ಸ್ವರಕ್ಕೆ ಸರಿಯುತ್ತದೆ. ಆ ಕ್ಷಣದಲ್ಲಿ ಎರಡೂ ಸ್ವರಗಳು ಒಂದಕ್ಕೊಂದು ಉಜ್ಜಿ ಬಿಗುವು ಹುಟ್ಟುತ್ತದೆ. ಮೇಲಿನ ದನಿ ಒಂದು ಮೆಟ್ಟಿಲು ಕೆಳಗಿಳಿದಾಗ ಬಿಗುವು ಸಡಿಲುತ್ತದೆ, ಆಮೇಲೆ ಎರಡೂ ಎದುರು ದಿಕ್ಕುಗಳಿಗೆ ಒಂದೊಂದು ಹೆಜ್ಜೆ ಇಟ್ಟು ಒಂದೇ ಸ್ವರದ ಮೇಲು ಕೆಳಗಿನ ಸ್ಥಾಯಿಗಳಲ್ಲಿ ನೆಲೆಯೂರುತ್ತವೆ. ಈ ಬಿಗುವಿನಲ್ಲಿ ಗಮನಿಸಬೇಕಾದ್ದೊಂದಿದೆ. ಸುಪೀರಿಯಸ್ ಒಬ್ಬಳೇ ತನ್ನ ಪುಸ್ತಕ ಹಿಡಿದು ಹಾಡಿದರೆ ಆ ಸ್ವರದಲ್ಲಿ ಯಾವ ನೋವೂ ಇಲ್ಲ, ಅದೊಂದು ಸಾಮಾನ್ಯ ದೀರ್ಘಸ್ವರ. ಟೆನರ್ ಒಬ್ಬನೇ ಹಾಡಿದರೂ ಅಷ್ಟೇ. ನೋವು ಇಬ್ಬರಲ್ಲಿ ಒಬ್ಬರ ಸ್ವರದಲ್ಲೂ ಇಲ್ಲ, ಇಬ್ಬರ ನಡುವೆ ಇದೆ. ಇಬ್ಬರಲ್ಲೊಬ್ಬರು ಮಣಿದಾಗಲಷ್ಟೇ ಅದು ಕರಗುತ್ತದೆ. ಕವಿತೆ ಹೇಳುತ್ತಿರುವುದೂ ಅದನ್ನೇ ಅಲ್ಲವೇ? ಒಬ್ಬರು ಹಿಡಿದದ್ದನ್ನು ಬಿಡಲೊಲ್ಲರು, ಇನ್ನೊಬ್ಬರು ಆಗಲೇ ಬೇರೆಡೆ ಸರಿದಿದ್ದಾರೆ, ಯಾರೋ ಒಬ್ಬರು ಬಗ್ಗದೆ ನೆಮ್ಮದಿಯಿಲ್ಲ. ಸಾಲು ಸಾಲಿಗೂ, ಹಾಡು ಹಾಡಿಗೂ, ಹಾಡುವವರು ಇದನ್ನು ಮೈಯಲ್ಲಿ ಅನುಭವಿಸುತ್ತಾರೆ. ದೂರ ಕುಳಿತು ಕೇಳುವವನಿಗೆ ಅದು ಇಂಪಾದ ಒಂದು ತಿರುವು. ಸ್ವರ ಎಳೆಯುತ್ತಿರುವವಳಿಗೆ ಮಾತ್ರ, ಎದುರಿನವನ ಸ್ವರ ಬಂದು ತನ್ನದಕ್ಕೆ ತಾಕುವುದು ಗಂಟಲಲ್ಲೇ ಗೊತ್ತಾಗುತ್ತದೆ.

ಇದೆಲ್ಲ ಪೂಜಾಸಂಗೀತದಲ್ಲೂ ಇದೆ, ಇದೇ ತಂತ್ರ ಮಾಸ್‌ನಲ್ಲೂ ಮೊಟೆಟ್‌ನಲ್ಲೂ ಬರುತ್ತದೆ, ಹಾಗಾಗಿ ಇದನ್ನು ಪ್ರೇಮಕ್ಕೆ ಅಂಟಿಸುವುದು ಸಲ್ಲದು ಎಂದು ಯಾರಾದರೂ ಹೇಳಬಹುದು. ಮಾತು ನಿಜವೇ. ಆದರೆ ಆ ಕಾಲದವರೇ ಎರಡರ ನಡುವೆ ಗೋಡೆ ಕಟ್ಟಿರಲಿಲ್ಲ. ಪಿಯೇರ್ ಸಾಂದ್ರಾಂನ ‘ದೂಸ್ ಮೆಮ್ವಾರ್’ ಎಂಬ ಶಾಂಸೋ 1530ರ ದಶಕದ ಕೊನೆಯಲ್ಲಿ ಅಚ್ಚಾಗಿ ಯೂರೋಪಿನ ಉದ್ದಗಲಕ್ಕೂ ಹರಡಿತು. ಕಳೆದುಹೋದ ಸುಖದ ನೆನಪನ್ನು ಹಾಡುವ ಅದರ ಪದಗಳು ದೊರೆ ಫ್ರಾನ್ಸಿಸನವೇ ಎಂದು ಹೇಳಿಕೆಯಿದೆ. ಸಿಪ್ರಿಯಾನೊ ದೆ ರೋರೆ, ಒರ್ಲಾಂದೊ ದಿ ಲಾಸ್ಸೊ ಇಬ್ಬರೂ ಆ ಹಾಡಿನ ಸ್ವರಗಳನ್ನೇ ಎತ್ತಿಕೊಂಡು ಪೂರ್ತಿ ಮಾಸ್‌ಗಳನ್ನು ಕಟ್ಟಿದರು. ನೇಪಲ್ಸ್‌ನಲ್ಲಿದ್ದ ಸ್ಪೇನಿನ ದಿಯೆಗೊ ಒರ್ತಿಸ್ 1553ರ ತನ್ನ ಗ್ರಂಥದಲ್ಲಿ ಅದೇ ಹಾಡನ್ನು ಆಧಾರವಾಗಿಟ್ಟುಕೊಂಡು ವಾದ್ಯದ ಮೇಲೆ ಅಲಂಕಾರ ನುಡಿಸುವುದನ್ನು ಕಲಿಸಿದ. ಟ್ರೆಂಟ್‌ನ ಧರ್ಮಸಭೆ 1562ರಲ್ಲಿ, ಕಾಮುಕ ಛಾಯೆಯಿರುವ ಸಂಗೀತವನ್ನು ಚರ್ಚಿನಿಂದ ದೂರವಿಡಬೇಕೆಂದು ತೀರ್ಮಾನಿಸಿದ್ದಕ್ಕೆ ಇಂಥ ಕೂಡುಬಳಕೆಯೂ ಒಂದು ಕಾರಣ. ಪದವಿಲ್ಲದಿದ್ದರೂ ಸ್ವರಗಳ ಕೂಟದಲ್ಲೇ ಆ ಹಾಡಿನ ನೆನಪು ಅಂಟಿಕೊಂಡಿರುತ್ತದೆಂದು ಅವರಿಗೆ ಗೊತ್ತಿತ್ತು. ತಂತ್ರ ಎರಡೂ ಕಡೆ ಒಂದೇ ಆಗಿದ್ದೀತು. ಆದರೆ ಪ್ರಾರ್ಥನೆಯಲ್ಲಿ ಅದೇ ಬಿಗುವು ಮನುಷ್ಯನಿಗೂ ದೇವರಿಗೂ ನಡುವಿನದಾಗುತ್ತದೆ, ಮೇಜಿನ ಸುತ್ತ ಹಾಡುವಾಗ ಪಕ್ಕದಲ್ಲಿ ಕುಳಿತವರ ನಡುವಿನದಾಗುತ್ತದೆ.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ಆಕ್ಷೇಪವಿದೆ. ಆ ಪ್ರೇಮಕವಿತೆಗಳೇ ಸಿದ್ಧಮಾದರಿಯವು, ಅಲ್ಲಿ ಯಾರ ಅನುಭವವೂ ಇಲ್ಲ, ನೂರು ಹಾಡಿನಲ್ಲಿ ಅದೇ ನಿಟ್ಟುಸಿರು ಎಂಬುದು ಅದರ ಸಾರ. ಇದನ್ನು ಅಲ್ಲಗಳೆಯುವ ಅಗತ್ಯ ನನಗೆ ಕಾಣುವುದಿಲ್ಲ, ಇದು ನನ್ನ ವಾದಕ್ಕೆ ಆಧಾರವೇ. ಪಿಯೇರ್ ರೊಂಸಾರ್ 1552ರಲ್ಲಿ ಪ್ರಕಟಿಸಿದ ಪ್ರೇಮ ಸಾನೆಟ್‌ಗಳ ಸಂಗ್ರಹದ ಕೊನೆಗೆ ಒಂದು ಸಂಗೀತದ ಅನುಬಂಧವಿದೆ. ಸೆರ್ತೋಂ, ಗೂದಿಮೆಲ್, ಜಾನೆಕಾಂ ಮತ್ತು ವಿದ್ವಾಂಸ ಮ್ಯುರೆ ಮಾಡಿದ ನಾಲ್ಕು ದನಿಗಳ ಕೆಲವೇ ಸಂಯೋಜನೆಗಳು ಅಲ್ಲಿವೆ. ಸಾನೆಟ್‌ಗಳಾದರೋ ನೂರಕ್ಕೂ ಮೇಲೆ. ಯಾವ ಯಾವ ಸಾನೆಟ್ಟನ್ನು ಯಾವ ಸಂಯೋಜನೆಗೆ ಹೊಂದಿಸಿ ಹಾಡಬಹುದೆಂಬ ಪಟ್ಟಿಯನ್ನು ಅಲ್ಲೇ ಕೊಟ್ಟಿದೆ. ಪ್ರಾಸದ ಜೋಡಣೆ ಒಂದೇ ಆಗಿದ್ದರೆ ಹತ್ತಾರು ಸಾನೆಟ್‌ಗಳಿಗೆ ಒಂದೇ ಸಂಗೀತ ಸಾಕು. ಇಂದಿನ ರಸಿಕನಿಗೆ ಇದು ಅನ್ಯಾಯವೆನಿಸಬಹುದು; ಒಂದೊಂದು ಕವಿತೆಯ ಭಾವವೂ ಬೇರೆಯಲ್ಲವೇ ಎಂದು ಅವನು ಕೇಳಬಹುದು. ಆದರೆ ತನ್ನ ಕಾಲದ ಅತ್ಯಂತ ಮಹತ್ವಾಕಾಂಕ್ಷಿ ಕವಿ, ತನ್ನ ಅತ್ಯಂತ ಮಹತ್ವಾಕಾಂಕ್ಷೆಯ ಪ್ರೇಮಕಾವ್ಯಕ್ಕೆ, ಇದನ್ನು ಒಪ್ಪಿ ಸೇರಿಸಿಕೊಂಡಿದ್ದಾನೆ. ಏಕೆಂದರೆ ಸಂಗೀತದಿಂದ ಅವನು ಬಯಸಿದ್ದು ಒಬ್ಬನ ಅಂತರಂಗದ ಚಿತ್ರವನ್ನಲ್ಲ. ಹಾಡುವ ಕೂಟವೊಂದಕ್ಕೆ, ತಾನು ಬರೆದ ಯಾವ ಪ್ರೇಮಿಯ ಮಾತನ್ನಾದರೂ ಹೊತ್ತು ಹಾಡಬಲ್ಲ ಒಂದು ಸಾಧನವನ್ನು. ಸಿದ್ಧಮಾದರಿಯ ಪ್ರೇಮಿ ಯಾರೊಬ್ಬನ ಸೊತ್ತೂ ಅಲ್ಲ, ಹಾಗಾಗಿಯೇ ಅವನನ್ನು ನಾಲ್ವರು ಹಂಚಿಕೊಳ್ಳಬಹುದು. ತೀರ ಖಾಸಗಿಯಾದ, ಹೆಸರು ದಿನಾಂಕಗಳುಳ್ಳ ಒಂದು ಅಳಲನ್ನು ನೆರೆಯವರೊಂದಿಗೆ ಕೂಡಿ ಹಾಡಲು ಯಾರಿಗಾದರೂ ಸಂಕೋಚವಾಗುತ್ತದೆ.

ಲ್ಯೂಟ್ ಎಂಬ ತಂತಿವಾದ್ಯದ ಜೊತೆ ಒಬ್ಬರೇ ಹಾಡುತ್ತಿದ್ದ ಮಾತೇನು ಎಂದು ಕೇಳಬಹುದು. ಅತೆನ್ಯಾಂ ತಾನೇ 1529ರಲ್ಲಿ, ಅಂದರೆ ಮೊದಲ ಸಂಗ್ರಹ ಬಂದ ಮರುವರ್ಷವೇ, ಲ್ಯೂಟ್ ಕಲಿಕೆಯ ಒಂದು ಪುಸ್ತಕ ಹೊರತಂದ. ಅದರಲ್ಲಿ ಇದೇ ಶಾಂಸೋಗಳು ಒಂಟಿ ಕಂಠ ಮತ್ತು ಲ್ಯೂಟ್‌ಗೆ ಹೊಂದಿಸಿ ಅಚ್ಚಾಗಿವೆ. ಮೇಲಿನ ದನಿಯನ್ನು ಹಾಡಬೇಕು, ಕೆಳಗಿನ ದನಿಗಳನ್ನು ತಂತಿಯ ಮೇಲೆ ನುಡಿಸಬೇಕು. ಅವನ ಸಂಗ್ರಹ ಹೊರಬಂದ ಅದೇ 1528ರ ಏಪ್ರಿಲ್‌ನಲ್ಲಿ ವೆನಿಸ್‌ನಲ್ಲಿ ಕಾಸ್ತಿಲ್ಯೋನೆಯ ಆಸ್ಥಾನಿಕನ ಕೈಪಿಡಿ ಪ್ರಕಟವಾಯಿತು. ಅದರಲ್ಲಿ ಪುಸ್ತಕ ನೋಡಿ ಕೂಟದಲ್ಲಿ ಹಾಡುವುದನ್ನು ಮೆಚ್ಚಿದ್ದರೂ, ತಂತಿವಾದ್ಯದ ಜೊತೆ ಒಬ್ಬರೇ ಹಾಡುವುದನ್ನು ಅದಕ್ಕಿಂತ ಮೇಲೆಂದು ಹೇಳಿದೆ. ಕೇಳುವವನ ಮನಸ್ಸು ಒಂದೇ ಎಳೆಯ ಮೇಲೆ ನಿಲ್ಲುತ್ತದೆಂಬುದು ಅಲ್ಲಿ ಕೊಡುವ ಕಾರಣ. ಒಬ್ಬರೇ ಹಾಡುವ ರೂಢಿ ಆಗಲೇ ಇತ್ತು, ಅದಕ್ಕೆ ಗೌರವವೂ ಇತ್ತು. ಆದರೆ ಕಾಸ್ತಿಲ್ಯೋನೆ ಕೊಡುವ ಕಾರಣವನ್ನೇ ನೋಡಿ: ಅವನು ಮಾತಾಡುತ್ತಿರುವುದು ಕೇಳುಗನ ಪರವಾಗಿ. ಆಸ್ಥಾನದಲ್ಲಿ ಮೆಚ್ಚುವ ಕಣ್ಣುಗಳ ಎದುರು ತನ್ನನ್ನು ತೋರಿಸಿಕೊಳ್ಳಬೇಕಾದವನಿಗೆ ಅವನು ಹೇಳಿಕೊಡುತ್ತಿದ್ದಾನೆ. ಲ್ಯೂಟ್ ಪುಸ್ತಕವೂ ಕೂಟ ಸಿಗದವನಿಗೆ ಕೂಟದ ಹಾಡನ್ನು ಒಬ್ಬನ ಬೆರಳುಗಳಿಗೆ ಇಳಿಸಿಕೊಟ್ಟ ಅನುಕೂಲ. ತಂತಿಯ ಮೇಲೆ ಬರುವುದು ಉಳಿದ ದನಿಗಳೇ, ಹೊಸದಾಗಿ ಹುಟ್ಟಿದ ಪಕ್ಕವಾದ್ಯವಲ್ಲ. ಆ ಕಾಲದ ಒಂದು ಪ್ರಸಿದ್ಧ ಚಿತ್ರದಲ್ಲಿ ಮೂವರು ಹೆಂಗಸರು ಸಂಗೀತದಲ್ಲಿ ತೊಡಗಿದ್ದಾರೆ, ಒಬ್ಬಳು ಹಾಡುತ್ತಿದ್ದಾಳೆ, ಒಬ್ಬಳ ಕೈಯಲ್ಲಿ ಕೊಳಲು, ಒಬ್ಬಳ ಕೈಯಲ್ಲಿ ಲ್ಯೂಟ್. ಅವರ ಮುಂದಿನ ಪುಟದ ಸ್ವರಗಳನ್ನು ಚಿತ್ರಕಾರ ಎಷ್ಟು ನಿಖರವಾಗಿ ಬರೆದಿದ್ದಾನೆಂದರೆ ಅದು ಮಾರೋನ ಪದಗಳಿಗೆ ಸೆರ್ಮಿಸಿ ಮಾಡಿದ ‘ಜ್ವಿಸಾನ್ಸ್ ವೂ ದೊನ್ನೆರೇ’ ಎಂದು ಓದಿ ಹೇಳಬಹುದು. ಅಲ್ಲಿ ಹಾಡುವ ಕಂಠ ಒಂದೇ, ನಿಜ. ಆದರೂ ಮೂವರಲ್ಲಿ ಯಾರೂ ನಮ್ಮತ್ತ ತಿರುಗಿಲ್ಲ, ಕೇಳಲೆಂದು ಕುಳಿತವರು ಚಿತ್ರದಲ್ಲಿ ಒಬ್ಬರೂ ಇಲ್ಲ. 1533ರಲ್ಲಿ ಅತೆನ್ಯಾಂ ಎರಡು ಸಂಗ್ರಹಗಳಲ್ಲಿ, ಯಾವ ಹಾಡು ಅಡ್ಡ ಕೊಳಲಿಗೆ ಒಗ್ಗುತ್ತದೆ, ಯಾವುದು ನೆಟ್ಟ ಕೊಳಲಿಗೆ, ಯಾವುದು ಎರಡಕ್ಕೂ ಎಂದು ಗುರುತು ಹಾಕಿಕೊಟ್ಟ. ಕಂಠವಿಲ್ಲದವರೂ ಕೂಟದಲ್ಲಿ ಸೇರಲೆಂಬ ವ್ಯಾಪಾರಿಯ ಜಾಣತನ ಅದು, ನಾಲ್ಕು ಪಾಲುಗಳ ಹಂಚಿಕೆ ಮಾತ್ರ ಅಲ್ಲೂ ಕದಲಿಲ್ಲ.

ಪದ ಕೇಳಿಸುವುದಿಲ್ಲ ಎಂಬ ದೂರು ಇವೆಲ್ಲಕ್ಕಿಂತ ಹಳೆಯದು, ಇವೆಲ್ಲಕ್ಕಿಂತ ಬಲವಾದದ್ದು ಕೂಡ. ಫ್ಲಾರೆನ್ಸ್‌ನ ಲ್ಯೂಟ್ ವಾದಕ, ಖಗೋಳ ವಿಜ್ಞಾನಿ ಗೆಲಿಲಿಯೋನ ತಂದೆ ವಿಂಚೆನ್ಸೊ ಗೆಲಿಲಿ 1581ರ ತನ್ನ ಸಂವಾದಗ್ರಂಥದಲ್ಲಿ ಇದನ್ನು ಖಾರವಾಗಿ ಮುಂದಿಟ್ಟ. ಒಂದು ದನಿ ಏರುತ್ತಿರುವಾಗ ಇನ್ನೊಂದು ಇಳಿಯುತ್ತಿದ್ದರೆ, ಒಂದು ಮೆಲ್ಲಗೆ ಇನ್ನೊಂದು ಬಿರುಸಾಗಿ ಸಾಗುತ್ತಿದ್ದರೆ, ಒಂದರ ಭಾವವನ್ನು ಇನ್ನೊಂದು ಅಳಿಸಿಹಾಕುತ್ತದೆ. ಪ್ರಾಚೀನ ಗ್ರೀಕರ ಸಂಗೀತ ಮನಸ್ಸನ್ನು ಕಲಕುತ್ತಿದ್ದುದು ಒಂದೇ ರಾಗದ ಎಳೆಯಿಂದ ಎಂಬುದು ಅವನ ವಾದ. ಅವನ ಕಣ್ಣೆದುರು ಇದ್ದುದು ಇಟಲಿಯ ಮ್ಯಾಡ್ರಿಗಲ್‌ಗಳು, ಫ್ರೆಂಚ್ ಹಾಡುಗಳಲ್ಲ. ಆದರೂ ಪೆಟ್ಟು ಎಲ್ಲ ಬಹುಕಂಠ ಗಾಯನಕ್ಕೂ ತಾಗುತ್ತದೆ. ಪ್ಯಾರಿಸ್‌ನ ಹಾಡುಗಳ ಮಟ್ಟಿಗೆ ಸುಲಭವಾದ ಉತ್ತರವೊಂದಿದೆ. ಸೆರ್ಮಿಸಿಯಲ್ಲಿ ನಾಲ್ವರೂ ಒಂದೇ ಅಕ್ಷರವನ್ನು ಒಟ್ಟಿಗೆ ಉಚ್ಚರಿಸುವುದರಿಂದ ಪದ ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಆ ಉತ್ತರ ಸಾಲದು, ಏಕೆಂದರೆ ಕ್ಲೆಮಾಂ ಜಾನೆಕಾಂ ಇದ್ದಾನೆ. ಬೋರ್ದೊ, ಆಂಜೇ ಎಂದು ಊರೂರು ಅಲೆದು, ದೊಡ್ಡ ಹುದ್ದೆ ಸಿಗದೆ, ಮುಪ್ಪಿನಲ್ಲಿ ಪ್ಯಾರಿಸ್ ಸೇರಿ 1558ರಲ್ಲಿ ಬಡವನಾಗಿಯೇ ಸತ್ತ ಈ ಪಾದ್ರಿ 250ರಷ್ಟು ಶಾಂಸೋಗಳನ್ನು ಬಿಟ್ಟುಹೋದ. ಹಕ್ಕಿಗಳ ಹಾಡಿನಲ್ಲಿ, ಪ್ಯಾರಿಸ್ ಬೀದಿಯ ಮಾರಾಟಗಾರರ ಕೂಗುಗಳ ಹಾಡಿನಲ್ಲಿ, 1515ರ ಮರಿನ್ಯಾನೊ ಯುದ್ಧವನ್ನು ಕಟ್ಟಿಕೊಡುವ ಹಾಡಿನಲ್ಲಿ ಪದಗಳು ಬೇಕೆಂದೇ ಒಂದರ ಮೇಲೊಂದು ಬೀಳುತ್ತವೆ, ಚಿಲಿಪಿಲಿಯಾಗಿ, ಕಹಳೆಯಾಗಿ, ಕತ್ತಿಯ ಖಣಖಣವಾಗಿ ಒಡೆಯುತ್ತವೆ. ಆ ಯುದ್ಧದ ಹಾಡನ್ನು ದೊರೆಯ ಮುಂದೆ ಹಾಡಿದಾಗ ಅಲ್ಲಿದ್ದವರೆಲ್ಲ ತಮ್ಮ ಕತ್ತಿ ಒರೆಯಲ್ಲಿದೆಯೇ ಎಂದು ನೋಡಿಕೊಂಡರೆಂದು ನೊಯೆಲ್ ದ್ಯು ಫಾಯ್ ಎಂಬ ಲೇಖಕ 1585ರಲ್ಲಿ ಬರೆಯುತ್ತಾನೆ. ದ್ಯು ಫಾಯ್‌ನ ಮಾತು ನಿಜವಾದರೆ, ಪದ ಕೇಳಿಸದಿದ್ದರೂ ಕೇಳುವವರ ಎದೆ ಕದಲಿತ್ತು. ಹಕ್ಕಿಗಳ ಹಾಡಂತೂ ಹೊರನೋಟಕ್ಕೆ ವಸಂತದ ಹಾಡು, ಒಳಗೆ ಪ್ರೇಮದ್ದೇ. ಮಲಗಿರುವ ಹೃದಯಗಳನ್ನು ಎಬ್ಬಿಸುವುದರಿಂದ ಅದು ಶುರುವಾಗುತ್ತದೆ, ಪರರ ಗೂಡಿಗೆ ನುಗ್ಗುವ ಕೋಗಿಲೆಯನ್ನು ಓಡಿಸುವುದರವರೆಗೆ ಹೋಗುತ್ತದೆ. ಅಲ್ಲಿ ಪ್ರತಿಯೊಬ್ಬ ಹಾಡುಗಾರನಿಗೂ ತನ್ನ ಪದ ಸ್ಪಷ್ಟವಾಗಿಯೇ ಗೊತ್ತು, ಅದನ್ನು ನುಡಿಯುತ್ತಿರುವವನು ತಾನೇ. ಗೆಲಿಲಿಯ ದೂರು ಕೇಳುಗನ ದೂರು, ಕೇಳುಗನಾಗಿ ಅವನು ಹೇಳಿದ್ದು ಸರಿಯೇ. ಹಾಡುವ ನಾಲ್ವರಲ್ಲಿ ಯಾರೊಬ್ಬರಿಗೂ ಆ ತೊಂದರೆಯೇ ಇರಲಿಲ್ಲ.

ಹಾಗಾದರೆ ಇದು ಎಷ್ಟು ಜನರ ಮೇಜು? ಈ ಪ್ರಶ್ನೆಯನ್ನು ಹಗುರವಾಗಿ ದಾಟುವಂತಿಲ್ಲ. ಅಗ್ಗವಾದರೂ ಪುಸ್ತಕ ಪುಸ್ತಕವೇ. ರೈತನೂ ಕೂಲಿಯವನೂ ಅದನ್ನು ಕೊಂಡಿರಲಾರರು. ಅಕ್ಷರ ಬಲ್ಲವರೇ ಕಡಿಮೆ, ಅವರಲ್ಲಿ ಸ್ವರ ಓದಬಲ್ಲವರು ಇನ್ನೂ ಕಡಿಮೆ. ಕಾನೂನು ಬಲ್ಲ ಅಧಿಕಾರಿಗಳು, ವಿಶ್ವವಿದ್ಯಾಲಯದವರು, ಪಾದ್ರಿಗಳು, ದೊಡ್ಡ ವರ್ತಕರು, ಅವರ ಮನೆಯ ಹೆಣ್ಣುಮಕ್ಕಳು, ಇವರೇ ಆ ಕೊಳ್ಳುವವರು. ಇಷ್ಟಾದರೂ, ಅದಕ್ಕೆ ಮುಂಚೆ ಇಂಥ ಹಾಡುಗಳಿದ್ದುದು ಎಲ್ಲಿ ಎಂದು ನೆನೆದರೆ ವ್ಯತ್ಯಾಸದ ಅಳತೆ ತಿಳಿಯುತ್ತದೆ. ಹದಿನೈದನೇ ಶತಮಾನದ ಶಾಂಸೋಗಳು ಉಳಿದಿರುವುದು ಕೈಬರಹದ ದುಬಾರಿ ಪುಸ್ತಕಗಳಲ್ಲಿ. ಸವೋಯ್‌ನ ಪಾದ್ರಿ ಜಾನ್ ದ ಮೊಂಶೆನುಗಾಗಿ 1470ರ ದಶಕದಲ್ಲಿ ಸಿದ್ಧವಾದ ಒಂದು ಹೃದಯದ ಆಕಾರದಲ್ಲೇ ಇದೆ, ತೆರೆದರೆ ಎರಡು ಹೃದಯಗಳು ಕೂಡಿದಂತೆ ಕಾಣುತ್ತದೆ. ಅದು ಒಬ್ಬ ಒಡೆಯನ ಒಡವೆ. ಅತೆನ್ಯಾಂನ ಪುಸ್ತಕಗಳು ಲಿಯೋಂನ ಮೊದೆರ್ನ್‌ನ ಕೈಯಲ್ಲಿ, 1543ರಿಂದ ಆಂಟ್‌ವರ್ಪ್‌ನ ತೀಲ್ಮನ್ ಸುಸಾಟೊನ ಕೈಯಲ್ಲಿ ಮರಿ ಹಾಕುತ್ತ ಹೋದವು. ಆಸ್ಥಾನದಲ್ಲಿ ಹುಟ್ಟಿದ ಪ್ರೇಮದ ಮಾತನ್ನು ಆಸ್ಥಾನದ ಬಾಗಿಲು ತುಳಿಯದವರೂ ತಮ್ಮ ಮನೆಯಲ್ಲಿ ಕೂತು, ತಮ್ಮದೇ ಮಾತೆಂಬಂತೆ, ಬಾಯಿಂದ ನುಡಿಯತೊಡಗಿದರು. ಲಿಯೋಂನಲ್ಲಿ 1545ರಲ್ಲಿ ತೀರಿಕೊಂಡ ಕವಯಿತ್ರಿ ಪೆರ್ನೆತ್ ದ್ಯು ಗಿಯೆ ಲ್ಯೂಟ್ ನುಡಿಸುವುದರಲ್ಲಿ ನುರಿತವಳಾಗಿದ್ದಳು. ಇಂಥ ಹೆಣ್ಣೊಬ್ಬಳು ಕೂಟದಲ್ಲಿ ಸುಪೀರಿಯಸ್ ಹಿಡಿದರೆ, ಗಂಡು ಕವಿ ಗಂಡು ಪ್ರೇಮಿಗೆಂದು ಬರೆದ ‘ನಾನು’ ಅವಳ ಬಾಯಲ್ಲೂ ‘ನಾನು’ ಆಗುತ್ತಿತ್ತು. ಒಬ್ಬರ ನಿವೇದನೆಯಾಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಈ ಮೇಜಿನ ಶಕ್ತಿಯನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು ಪ್ರೇಮದ ಹಾಡನ್ನು ಒಲ್ಲದವರೇ ಎಂಬುದು ನನಗೆ ಈ ಇತಿಹಾಸದ ಅತ್ಯಂತ ಕುತೂಹಲದ ಭಾಗವಾಗಿ ಕಾಣುತ್ತದೆ. ಮಾರೋ ಚರ್ಚಿನ ಸುಧಾರಣಾವಾದಿಗಳ ಪರವೆಂಬ ಶಂಕೆಗೆ ಸಿಕ್ಕಿ 1534ರ ನಂತರ ಫೆರಾರಾಕ್ಕೆ ಓಡಬೇಕಾಯಿತು, ಮತ್ತೆ 1542ರಲ್ಲಿ ಜಿನೀವಾಕ್ಕೆ. ಪ್ರೇಮದ ಹಾಡು ಬರೆದ ಅದೇ ಕೈ ಬೈಬಲಿನ ಕೀರ್ತನೆಗಳನ್ನು ಫ್ರೆಂಚ್ ಪದ್ಯಕ್ಕೆ ತಂದಿತು. ಅವನ ನಂತರ ತೆಯೊದೋರ್ ದ ಬೆಜ್ ಮುಗಿಸಿದ ಪೂರ್ಣ ಸಂಗ್ರಹ 1562ರಲ್ಲಿ ಬಂತು. ಕಾಲ್ವಿನ್‌ನ ಚರ್ಚಿನಲ್ಲಿ ಆ ಕೀರ್ತನೆಗಳನ್ನು ಎಲ್ಲರೂ ಒಂದೇ ರಾಗದಲ್ಲಿ ಹಾಡಬೇಕಿತ್ತು, ಬಹುಕಂಠ ಗಾಯನಕ್ಕೆ ಅಲ್ಲಿ ಜಾಗವಿರಲಿಲ್ಲ. ಆದರೆ ಕ್ಲೋದ್ ಗೂದಿಮೆಲ್ ಅವಕ್ಕೆ ನಾಲ್ಕು ದನಿಗಳನ್ನು ಕೂಡಿಸಿ 1565ರಲ್ಲಿ ಪ್ರಕಟಿಸಿದಾಗ, ಇವು ಚರ್ಚಿನಲ್ಲಿ ಹಾಡಲೆಂದು ಅಲ್ಲ, ಮನೆಗಳಲ್ಲಿ ದೇವರಲ್ಲಿ ನಲಿಯಲೆಂದು ಎಂಬ ಅರ್ಥದ ಮಾತನ್ನು ಪುಸ್ತಕದಲ್ಲೇ ಸ್ಪಷ್ಟಪಡಿಸಿದ. ಮನೆಯ ಮೇಜು ಆಗಲೇ ಸಿದ್ಧವಿತ್ತು, ಅಭ್ಯಾಸ ಆಗಲೇ ಇತ್ತು. ಸಾನೆಟ್‌ಗಳಿಗೆ ಸಂಗೀತ ಕೂಡಿಸಿದ ಗೂದಿಮೆಲ್ ಅದನ್ನು ಕೀರ್ತನೆಗಳಿಗೆ ತೆರೆದುಕೊಟ್ಟ. 1572ರ ಆಗಸ್ಟ್‌ನಲ್ಲಿ, ಪ್ಯಾರಿಸ್‌ನಲ್ಲಿ ನಡೆದ ಸುಧಾರಣಾವಾದಿಗಳ ನರಮೇಧದ ಬೆನ್ನಿಗೇ ಲಿಯೋಂನಲ್ಲಿ ನಡೆದ ಕೊಲೆಗಳಲ್ಲಿ ಅವನ ಜೀವವೂ ಹೋಯಿತು. ಆ ಬಳಿಕ 1575ರಲ್ಲಿ ಲಾ ರೊಷೆಲ್‌ನಿಂದ ಜಾನ್ ಪಾಸ್ಕಿಯೆ, ಮರುವರ್ಷ ಜಿನೀವಾದ ಸಿಮೋಂ ಗೂಲಾರ್, ಲಾಸ್ಸೊನ ಶಾಂಸೋಗಳ ಪದಗಳನ್ನು ಬದಲಿಸಿ ಧಾರ್ಮಿಕ ಪದಗಳನ್ನು ಕೂಡಿಸಿ ಹೊರತಂದರು. ಒಲಿಯದ ಪ್ರೇಯಸಿಯಿದ್ದ ಜಾಗಕ್ಕೆ ದೇವರು ಬಂದ. ಸ್ವರಗಳನ್ನು ಮಾತ್ರ ಅವರು ಮುಟ್ಟಲಿಲ್ಲ. ಆ ಬಿಗುವು, ಆ ಮಣಿಯುವಿಕೆ, ಒಬ್ಬರನ್ನೊಬ್ಬರು ಕಾಯುವ ಆ ನಾಲ್ಕು ಪಾಲುಗಳು ಹಾಗೇ ಉಳಿದವು. ಪದ ಕೆಟ್ಟದ್ದು, ಆದರೆ ಕೂಡಿ ಹಾಡುವುದು ಬಿಡಲಾಗದ್ದು ಎಂದು ಅವರ ಕೆಲಸವೇ ಹೇಳುತ್ತದೆ.

ಈ ಕಲೆ ಹಿಂದೆ ಸರಿದದ್ದು ಅದನ್ನು ಯಾರೋ ನಿಷೇಧಿಸಿದ್ದರಿಂದಲ್ಲ. 1570ರಲ್ಲಿ ಒಂಬತ್ತನೇ ಚಾರ್ಲ್ಸ್‌ನ ಅನುಮತಿಯಿಂದ ಜಾನ್ ಆಂತ್ವಾನ್ ದ ಬಾಯಿಫ್ ಪ್ಯಾರಿಸ್‌ನಲ್ಲಿ ಕಾವ್ಯ ಸಂಗೀತಗಳ ಒಂದು ಅಕಾಡೆಮಿ ತೆರೆದ. ಗ್ರೀಕ್ ಲ್ಯಾಟಿನ್ ಮಾದರಿಯಲ್ಲಿ ಗುರು ಲಘುಗಳನ್ನಳೆದ ಫ್ರೆಂಚ್ ಪದ್ಯ, ಅದರ ಅಳತೆಗೇ ಕಟ್ಟಿದ ಸಂಗೀತ ಅಲ್ಲಿಯ ಗುರಿ. ಅದನ್ನು ನುರಿತ ಸಂಗೀತಗಾರರು ಹಾಡಬೇಕು, ಸದಸ್ಯರಾದ ಕೇಳುಗರು ಸದ್ದಿಲ್ಲದೆ ಕೇಳಬೇಕು ಎಂಬುದು ಅದರ ಕಟ್ಟಳೆ. ಅಲ್ಲೂ ನಾಲ್ಕು ಐದು ದನಿಗಳಿದ್ದವು; ಕ್ಲೋದ್ ಲ ಜನ್ ಆ ರೀತಿಯಲ್ಲಿ ಕೂಡಿಸಿದ ವಸಂತದ ಹಾಡುಗಳು 1603ರಲ್ಲಿ, ಅವನು ಸತ್ತ ಮೇಲೆ ಅಚ್ಚಾದವು, ಇಂದಿಗೂ ಬಲು ಚೆಲುವಾಗಿವೆ. ಆದರೆ ಹಾಡುವವರ ಮತ್ತು ಕೇಳುವವರ ನಡುವೆ ಗೆರೆ ಬಿದ್ದಾಗಿತ್ತು. 1571ರಲ್ಲಿ ಅಡ್ರಿಯಾಂ ಲ ರ್ವಾ ಲ್ಯೂಟ್‌ಗೆ ಹೊಂದಿಸಿದ ಆಸ್ಥಾನದ ಹಾಡುಗಳ ಸಂಗ್ರಹ ಪ್ರಕಟಿಸಿದ. ಮುಂದಿನ ಶತಮಾನದಲ್ಲಿ ಫ್ರಾನ್ಸಿನ ಪ್ರೇಮದ ಹಾಡು ಹೆಚ್ಚುಹೆಚ್ಚಾಗಿ ಆ ದಾರಿಯನ್ನೇ ಹಿಡಿಯಿತು: ಒಂದು ಕಂಠ, ಒಂದು ಲ್ಯೂಟ್, ಮುಂದೆ ಕುಳಿತ ಶ್ರೋತೃಗಳು. ಆ ಹೊಸ ಹಾಡಿನಲ್ಲಿ ಪದ 1528ರ ಹಾಡುಗಳಲ್ಲಿಗಿಂತ ಸ್ಪಷ್ಟ, ಗಾಯಕನ ಕೌಶಲ ಇನ್ನೂ ಸೂಕ್ಷ್ಮ, ‘ನಾನು’ ಎನ್ನುವವನು ಒಬ್ಬನೇ. ಟೆನರ್‌ನ ಪುಸ್ತಕ ಹಿಡಿದು ಕುಳಿತುಕೊಳ್ಳುವವನಿಗೆ ಅಲ್ಲಿ ಪಾಲಿರಲಿಲ್ಲ.